ಇಲಿ ವಾಸನೆಯ ಬೆನ್ನು ಹತ್ತಿದವಳು

ಏನು ಓದುತ್ತಿದ್ದೀಯ ಅಂತ ಯಾರಾದರೂ ಕೇಳಿ, ನಾನು ನಿಜ ಹೇಳಿದ ದಿನವೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಚಾಮರಾಜನಗರದಲ್ಲಿ ರೂಮು ಮಾಡಿಕೊಂಡು ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಇಲಿಗಳ ವಾಸನೆ. ಇಲಿ ಉಚ್ಚೆ ಹೊಯ್ದ ಕಡೆಯೆಲ್ಲ ತನ್ನ ಸಮಾಚಾರ ಬಿಟ್ಟು ಹೋಗುತ್ತದೆ. ಗಂಡೋ ಹೆಣ್ಣೋ, ಯಾರು, ಆರೋಗ್ಯ ಹೇಗಿದೆ, ಎಲ್ಲ. ಅದನ್ನು ಬರೆಯುವ, ಓದುವ ಜೀನ್‌ಗಳು ನಕಲಾಗುತ್ತಾ, ಬದಲಾಗುತ್ತಾ ಹೇಗೆ ಇಷ್ಟೊಂದಾದವು, ಒಂದೂರಿನ ಇಲಿಗೂ ಇನ್ನೊಂದೂರಿನದಕ್ಕೂ ಏನು ವ್ಯತ್ಯಾಸ ಅನ್ನುವುದು ನನ್ನ ಕೆಲಸ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ಮೂಗು ಮುಚ್ಚಿಕೊಂಡಿರುತ್ತಾರೆ.

ಮದ್ದು ತರದ ಮೇಡಂ

ಗುಂಡ್ಲುಪೇಟೆ ಹತ್ತಿರ ರೈತರೊಬ್ಬರ ಜೋಳದ ಹೊಲದಲ್ಲಿ ಬೋನು ಇಡಲು ಹೋಗಿದ್ದೆ. ಇಲಿಮದ್ದು ತಂದಿದ್ದೇನೆ ಅಂತ ತಿಳಿದು ಅವರು ಎಳನೀರು ಕೆತ್ತಿ ಕೊಟ್ಟರು. ಮದ್ದಲ್ಲ, ಜೀವಂತ ಇಲಿ ಬೇಕು, ಉಚ್ಚೆ ಹಿಡಿದುಕೊಂಡು ಮತ್ತೆ ಇಲ್ಲೇ ಬಿಡುತ್ತೇನೆ ಅಂದೆ. 'ಮತ್ತೆ ಇಲ್ಲೇ' ಅಂದದ್ದೇ ಅವರ ಮುಖ ಕಪ್ಪಿಟ್ಟಿತು. ಬದುವಿನ ಮೇಲೆ ಕೂತು ಅರ್ಧ ಗಂಟೆ ಬಿಡಿಸಿ ಹೇಳಿದೆ.

"ಅಂದ್ರೆ ಇಲಿ ಬರ್ದುದ್ದ ಇನ್ನೊಂದ್ ಇಲಿ ಓದ್ತದೆ" ಅಂದರು. ಸದ್ಯ, ಒಬ್ಬರಿಗಾದರೂ ಅರ್ಥವಾಯಿತಲ್ಲ ಅಂತ ಹೌದು ಹೌದು ಅಂದೆ.

"ಅಂಗಾರೆ ನೀನೇ ಒಂದ್ ಕಾಗ್ದ ಬರ್ದಾಕ್ಬುಡವ್ವ. ಇಲ್ಲೇನೂ ಇಲ್ಲ, ಮೇವೆಲ್ಲ ನನ್ ತಮ್ಮನ್ ಹೊಲದಲ್ಲದೆ ಅಂತ."

ಬಸ್ಸಿನ ನ್ಯಾಯ

ಗುಂಡ್ಲುಪೇಟೆಯಿಂದ ವಾಪಸ್ ಬರುವಾಗ, ಉಚ್ಚೆ ಹಿಡಿಯಲು ಲ್ಯಾಬಿಗೆ ಒಯ್ಯುತ್ತಿದ್ದ ನಾಲ್ಕು ಇಲಿಯ ಬೋನಿಗೆ ಟವೆಲ್ ಮುಚ್ಚಿ ಕಾಲ ಕೆಳಗೆ ಇಟ್ಟುಕೊಂಡಿದ್ದೆ. ಬಿಸಿಲೇರಿದಂತೆ ವಾಸನೆಯೂ ಏರಿತು. ಎಲ್ಲರೂ ತಿರುಗಿ ನೋಡಿದ್ದು ನನ್ನ ಪಕ್ಕದಲ್ಲಿದ್ದ ಒಣಮೀನು ಮಾರುವ ಹೆಂಗಸನ್ನು. ಕಂಡಕ್ಟರು ಬಂದು, ಬುಟ್ಟಿ ತೆಗೆದುಕೊಂಡು ಇಳಿಯಮ್ಮ ಅಂತ ಗದರಿದ. ಆಕೆ, ನನ್ನ ಮೀನಿನ ವಾಸನೆ ನನಗೆ ಗೊತ್ತಿಲ್ಲವಾ, ಇದು ಮೀನಲ್ಲ ಅಂತ ಹಟ ಹಿಡಿದರು. ಪಾಪ ಅನ್ನಿಸಿ ನಾನೇ ಟವೆಲ್ ಸರಿಸಿದೆ.

ಬಸ್ಸು ನಿಂತಿತು. ವಿಚಾರಣೆ ನಡೆಯಿತು. ನಾನು, ನನ್ನ ಇಲಿಗಳು ಕಟ್ಟಕಡೆಯ ಸೀಟಿಗೆ ಹೋದೆವು. ಒಣಮೀನಿನ ಬುಟ್ಟಿಯನ್ನು ಕಂಡಕ್ಟರು ತನ್ನ ಕೈಯಾರೆ ಎತ್ತಿ ಮುಂದಿನ ಸೀಟಿನಲ್ಲಿಟ್ಟ, ಕಿಟಕಿ ಪಕ್ಕ.

ಸಂಬಂಧ

ನಮ್ಮೂರು ಚಂದಕವಾಡಿ. ಒಂದು ಸಲ ನನ್ನ ನೋಟ್‌ಬುಕ್ ಅಲ್ಲೇ ಅಮ್ಮನ ಮನೆಯಲ್ಲಿ ಮರೆತು ಬಂದೆ. ನಮ್ಮೂರಲ್ಲಿ ಹಿಡಿದ ಹೆಣ್ಣಿಲಿಯನ್ನು ಬೇರೆ ಬೇರೆ ಊರಿನ ಎರಡು ಗಂಡಿಲಿಗಳ ವಾಸನೆಯ ನಡುವೆ ಬಿಟ್ಟು, ಯಾವ ಕಡೆ ಹೋಗುತ್ತದೆ ಅಂತ ನೋಡುವ ಪರೀಕ್ಷೆಯನ್ನು ಅದರಲ್ಲಿ ಚುಟುಕಾಗಿ ಬರೆದಿದ್ದೆ. "ಬದನಗುಪ್ಪೆ ಗಂಡು: ತಿರುಗಿಯೂ ನೋಡಲಿಲ್ಲ. ಹಂಗಳದ ಗಂಡು: ವಯಸ್ಸು ಸರಿ, ಮೈಕಟ್ಟು ಚೆನ್ನಾಗಿದೆ. ಚಂದಕವಾಡಿ ಹೆಣ್ಣಿಗೆ ಹಿಡಿಸಿದೆ."

ಎಲ್ಲೂ ಇಲಿ ಅಂತ ಬರೆದಿರಲಿಲ್ಲ. ಪುಸ್ತಕವೇ ಇಲಿಯದು, ಮತ್ತೆ ಮತ್ತೆ ಯಾಕೆ ಬರೆಯಲಿ?

ಅದೇ ವಾರ ಭಾನುವಾರ ಬದನಗುಪ್ಪೆ ಫ್ಯಾಕ್ಟರಿಯ ಒಬ್ಬ ಹುಡುಗ ನನ್ನನ್ನು ನೋಡಲು ಬರುವುದಿತ್ತು. ಅಮ್ಮ ನೋಟ್‌ಬುಕ್ ಓದಿದವರೇ ಅವರ ಮನೆಗೆ ಫೋನ್ ಮಾಡಿ, ಹುಡುಗಿಗೆ ಇಷ್ಟವಿಲ್ಲ, ಬರಬೇಡಿ ಅಂದುಬಿಟ್ಟರು. ಸೋದರಮಾವನನ್ನು ಬೈಕಿನಲ್ಲಿ ಹಂಗಳಕ್ಕೆ ಓಡಿಸಿದರು. ನಾನು ಊರಿಗೆ ಹೋಗುವ ಹೊತ್ತಿಗೆ ಮಾವ ಬೀದಿ ಬೀದಿ ಸುತ್ತಿ, ಮೈಕಟ್ಟು ಚೆನ್ನಾಗಿರುವ ಮೂವರು ಹುಡುಗರ ಹೆಸರು ಚೀಟಿಯಲ್ಲಿ ಬರೆದುಕೊಂಡು ಬಂದು ಕೂತಿದ್ದರು.

"ಇವರಲ್ಲಿ ಯಾರಮ್ಮಿ? ಮನೆ ಯಾವ್ದು ಅಂತ ನೀನು ಬರ್ದೇ ಇಲ್ವಲ್ಲ."

"ಮನೆ ಅಲ್ಲ ಮಾವ, ಬಿಲ" ಅಂದೆ.

ಎಲ್ಲ ಬಿಡಿಸಿ ಹೇಳಿದ ಮೇಲೆ ಮಾವ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋದರು. ಅಮ್ಮ ನೋಟ್‌ಬುಕ್ಕಿನ ಆ ಪುಟವನ್ನು ಇನ್ನೊಂದು ಸಲ ಓದಿದರು. ನಾನು ಕ್ಷಮೆ ಕೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ತಲೆ ಎತ್ತಿದರು.

"ಆ ಇಲಿಗಿರೋ ಬುದ್ಧಿ ನಿಂಗಿಲ್ಲ ಕಣಮ್ಮಿ. ಒಂದ್ಸಲ ಮೂಸ್ತು, ಒಪ್ಕೊಂಡ್ತು. ನಿಂಗೆ ಆರು ವರ್ಸದಿಂದ ಫೋಟೋ ತೋರುಸ್ತಾ ಇವ್ನಿ."