ಊಟವಾದ ಮೇಲೆ ಮೂರು ತೊಟ್ಟು

"ಈ ಸಲ ಮನೆಯೊಳಗೇ ತರಕಾರಿ ಸಸಿ ಎಬ್ಬಿಸ್ತೀನಿ. ಬೀಜದ ಪೊಟ್ಟಣ ಬಿಟ್ಟು ಬೇರೆ ಯಾವುದಕ್ಕೂ ಒಂದು ಕಾಸು ಬಿಚ್ಚಲ್ಲ!"

ಕಾಂಪೌಂಡರು ಈ ಭೀಷಣ ಪ್ರತಿಜ್ಞೆ ಮಾಡಿದ್ದು ಅಡುಗೆಮನೆಯ ಕಸದ ಬುಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಮೊಟ್ಟೆಚಿಪ್ಪು ಹೆಕ್ಕುತ್ತಿದ್ದಾಗ. ಪ್ರತಿಜ್ಞೆಗೆ ಸಾಕ್ಷಿಯಾಗಿ ಅವರ ಹೆಂಡತಿ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಟೀಚರು, ಬಾಗಿಲಲ್ಲಿ ನಿಂತಿದ್ದರು.

"ರೀ, ಮೊದಲು ಕೈ ತೊಳ್ಕೊಳ್ಳಿ. ಆಮೇಲೆ ಹಸಿರು ಕ್ರಾಂತಿ ಮಾಡಿ."

ಕಾಂಪೌಂಡರದು ಬೀದಿಯ ಕೊನೆಯಲ್ಲಿ ಔಷಧಿ ಅಂಗಡಿ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಿಗೂ ತಪ್ಪು ಗುಳಿಗೆ ಕೊಟ್ಟವರಲ್ಲ. ಹಾಗೆಂದು ಊರು ಹೇಳುತ್ತಿತ್ತೋ ಇಲ್ಲವೋ, ಅವರಂತೂ ಊರಿಗೆ ಹೇಳುತ್ತಿದ್ದರು. ಯಾರಾದರೂ ಅನುಮಾನದಿಂದ ನೋಡಿದರೆ, "ನಮ್ಮಮ್ಮನ್ನ ನೋಡಿ. ಎಪ್ಪತ್ತೆಂಟು! ಮೆಟ್ಟಿಲು ಹತ್ತಿ ಇಳೀತಾರೆ. ಎಲ್ಲ ನನ್ನ ಗುಳಿಗೆಯ ಬಲ!" ಎನ್ನುತ್ತಿದ್ದರು. ದಿನಕ್ಕೆ ಎರಡು ಹೊತ್ತು ಅಮ್ಮನ ಕೋಣೆಗೆ ಹೋಗಿ, ಸಣ್ಣ ಮುಚ್ಚಳದಲ್ಲಿ ಕಬ್ಬಿಣಾಂಶದ ಕೆಂಪು ಗುಳಿಗೆಯೊಂದನ್ನೂ ಪಕ್ಕದಲ್ಲಿ ಒಂದು ಲೋಟ ನೀರನ್ನೂ ಇಟ್ಟು, ಹತ್ತು ನಿಮಿಷ ಅಂಗಡಿಯ ಸುದ್ದಿ ಹೇಳಿ ಬರುತ್ತಿದ್ದರು. ಆಮೇಲೆ ನೋಡಿದರೆ ಮುಚ್ಚಳವೂ ಖಾಲಿ, ಲೋಟವೂ ಖಾಲಿ. ಇದಕ್ಕಿಂತ ಪುರಾವೆ ಬೇಕೆ?

"ಸಸಿ ಬರದಿದ್ರೆ?" ಟೀಚರು ಕೇಳಿದರು.

"ಬರದೆ ಎಲ್ಲಿಗೆ ಹೋಗುತ್ತೆ?"

"ಹದಿನೈದು ದಿನ ಕೊಡ್ತೀನಿ. ಈ ಮನೆಯೊಳಗೆ ಮೊಳಕೆ ಕಾಣದಿದ್ರೆ ಅತ್ತೆಯ ಗುಳಿಗೆ ಡಬ್ಬಿ ನನ್ನ ಕೈಗೆ. ನಾನಾದ್ರೆ ಗಂಟಲಿಂದ ಕೆಳಗಿಳಿಯೋವರೆಗೂ ಎದುರಿಗೇ ನಿಂತಿರ್ತೀನಿ."

ಒಳಗಿನ ಕೋಣೆಯಿಂದ ಅಮ್ಮನ ದನಿ ಗಾಬರಿಯಿಂದ ತೇಲಿಬಂತು. "ಮಗಾ! ಹೇಗಾದ್ರೂ ಮಾಡಿ ಮೊಳಕೆ ಬರಿಸಪ್ಪಾ!"

ತಾಯಿಯ ಹಾರೈಕೆಗೆ ಕಾಂಪೌಂಡರ ಕಣ್ಣು ತುಂಬಿತು.

ಕೆಲಸ ಶುರುವಾಯಿತು. ಇಪ್ಪತ್ನಾಲ್ಕು ಮೊಟ್ಟೆಚಿಪ್ಪುಗಳು ಕುಂಡಗಳಾದವು. ಶೂ ಡಬ್ಬಿಯ ಮುಚ್ಚಳ ತಟ್ಟೆಯಾಯಿತು. ನೀರುಣಿಸಲು ಕಣ್ಣಿನ ಔಷಧಿಯ ಖಾಲಿ ಸೀಸೆ ಬಂತು. ತೊಡಕಾದದ್ದು ಬೀಜ. ಟೊಮ್ಯಾಟೊ ಬೀಜವೆಂದರೆ ಗಾಳಿಗೆ ಹಾರುವ ಜಾತಿ. ಒಂದು ಹಾಕಲು ಹೋದರೆ ಮೂರು ಬೀಳುತ್ತವೆ. ದುಂದು! ಆಗ ಅವರಿಗೆ ಹೊಳೆಯಿತು ನೋಡಿ, ಇಡೀ ಕೃಷಿಲೋಕದಲ್ಲಿ ಇನ್ನೊಬ್ಬನಿಗೆ ಹೊಳೆಯದ ಉಪಾಯ! ಎಳೆಯ ವಯಸ್ಸಿನಲ್ಲಿ ಹಳೆಯ ವೈದ್ಯರೊಬ್ಬರ ಬಳಿ ಅಂಗೈಯಲ್ಲಿ ಗುಳಿಗೆ ಉರುಳಿಸಲು ಕಲಿತ ಕೈ ಅದು. ನುಣುಪು ಕೆಮ್ಮಣ್ಣು ಕಲಸಿದರು, ಒಂದೊಂದು ಬೀಜವನ್ನು ನಡುವೆ ಇಟ್ಟರು, ಉರುಳಿಸಿದರು. ಸಂಜೆಯೊಳಗೆ ಅರವತ್ತು ಗುಳಿಗೆ! ಕೈಯ ರೂಢಿ ಬಿಟ್ಟೀತೇ? ಬಣ್ಣ, ಗಾತ್ರ, ದುಂಡು ಆಕಾರ ಎಲ್ಲದರಲ್ಲೂ ಅಮ್ಮನ ಗುಳಿಗೆಯ ಅವಳಿಜವಳಿ.

ಅವನ್ನು ತುಂಬಲು ಅಂಗಡಿಯಿಂದ ಖಾಲಿ ಬಿಳಿ ಡಬ್ಬಿ ತಂದರು. ಅಮ್ಮನ ಗುಳಿಗೆಯೂ ಅಂಥದ್ದೇ ಡಬ್ಬಿಯಲ್ಲಿತ್ತು. ಒಂದರ ಮೇಲೆ 'ಅಮ್ಮ' ಎಂದೂ ಇನ್ನೊಂದರ ಮೇಲೆ 'ತೋಟ' ಎಂದೂ ಶಾಯಿಯಲ್ಲಿ ಚೀಟಿ ಬರೆದು ಅಂಟಿಸಿದರು. ಆಮೇಲೆ ಅದೇ ಉತ್ಸಾಹದಲ್ಲಿ ಚಿಪ್ಪಿನ ಮಣ್ಣಿಗೆ ನೀರು ಸಿಂಪಡಿಸಿದರು. ಮಣ್ಣು ನೆನೆಯಿತು. ಮೇಜು ನೆನೆಯಿತು. ಚೀಟಿಗಳೂ ನೆನೆದವು. 'ಅಮ್ಮ' ಮತ್ತು 'ತೋಟ' ಎರಡೂ ಕರಗಿ ಒಂದೇ ನೀಲಿ ಮೋಡವಾದವು.

"ಅಯ್ಯೋ, ಯಾವುದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಎಂದರು ಟೀಚರು.

"ಇಪ್ಪತ್ತೆರಡು ವರ್ಷದ ಕೈ ಕಣೇ!" ಕಾಂಪೌಂಡರು ಕಣ್ಣು ಮುಚ್ಚಿ, ಎರಡೂ ಡಬ್ಬಿಯಿಂದ ಒಂದೊಂದು ಗುಳಿಗೆ ತೆಗೆದು ಅಂಗೈಯಲ್ಲಿ ತೂಗಿ, ನ್ಯಾಯಾಧೀಶರ ಗಾಂಭೀರ್ಯದಲ್ಲಿ ತೀರ್ಪು ಕೊಟ್ಟರು. "ಇದು ತೋಟ. ಅದು ಅಮ್ಮ."

ಬಿತ್ತನೆ ಮುಗಿಯಿತು. ಫ್ರಿಜ್ಜಿನ ಮೇಲೆ ಬೆಚ್ಚಗಿರುತ್ತದೆಂದು ಚಿಪ್ಪುಗಳು ಅಲ್ಲಿಗೇರಿದವು. ಅಲ್ಲಿದ್ದ ಬ್ರೆಡ್ಡಿನ ಡಬ್ಬಿ ಟೀಚರ ಮೇಜಿಗೆ ಬಂತು. ಟೀಚರ ಉತ್ತರಪತ್ರಿಕೆಗಳು ಮಂಚಕ್ಕೆ ಬಂದವು. ಕಾಂಪೌಂಡರು ಸೋಫಾಕ್ಕೆ ಬಂದರು. ಸಸಿಗೆ ಗಾಳಿ ಬಡಿಯಬಾರದೆಂದು ಫ್ಯಾನು ನಿಂತಿತು. ಬೆಳಕು ಬೇಕೆಂದು ಬಚ್ಚಲಿನ ಬಲ್ಬು ಫ್ರಿಜ್ಜಿನ ಮೇಲೆ ನೇತಾಡಿತು, ಮನೆಮಂದಿ ಕತ್ತಲಲ್ಲೇ ಸ್ನಾನ ಮಾಡಿದರು. ಶಾಂಪೂ ಎಂದುಕೊಂಡು ಕಾಂಪೌಂಡರು ತಲೆಗೆ ನೆಲ ತೊಳೆಯುವ ದ್ರಾವಣ ಹಾಕಿಕೊಂಡು, ಎರಡು ದಿನ ಅಂಗಡಿಯಲ್ಲಿ ಆಸ್ಪತ್ರೆಯ ಮೊಗಸಾಲೆಯಂತೆ ಘಮಘಮಿಸಿದರು.

"ನೀರು ಎಷ್ಟು ಹಾಕ್ಬೇಕು?" ಎಂದು ಟೀಚರು ಕೇಳಿದ್ದಕ್ಕೆ ಉತ್ತರ ರೂಢಿಯ ಪ್ರಕಾರ ಬಂತು. "ಒಂದೊಂದಕ್ಕೂ ಮೂರು ತೊಟ್ಟು. ದಿನಕ್ಕೆ ಎರಡು ಸಲ. ಊಟವಾದ ಮೇಲೆ."

"ಯಾರ ಊಟ?"

ಅದನ್ನು ಅವರು ಯೋಚಿಸಿರಲಿಲ್ಲ.

ಐದು ದಿನ ಕಳೆಯಿತು, ಎಂಟು ಕಳೆಯಿತು. ಚಿಪ್ಪುಗಳು ಮೌನವ್ರತ ಹಿಡಿದಿದ್ದವು. "ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಾರೆ. ಮೊಳಕೆಯೇ ಇಲ್ಲವಲ್ರೀ!" ಎಂದು ಟೀಚರು ಚುಚ್ಚಿದರು. ಕಾಂಪೌಂಡರು ಬೆಳಗಿನ ಜಾವ ಎದ್ದು ಕುರ್ಚಿ ಹತ್ತಿ, ಮಗುವಿನ ಉಸಿರು ಕೇಳುವವರಂತೆ ಚಿಪ್ಪಿಗೆ ಕಿವಿಯಿಟ್ಟರು. ಬೀಜವೊಂದು ಕತ್ತಲಲ್ಲಿ ತನ್ನ ಬಾಗಿಲು ತಾನೇ ತೆರೆಯುವ ಸದ್ದು ಎಷ್ಟು ಮೆಲ್ಲಗಿರಬಹುದು! ಕೇಳಿಸಿದ್ದು ಫ್ರಿಜ್ಜಿನ ಗೊರಗೊರ ಮಾತ್ರ.

ಹನ್ನೆರಡನೆಯ ದಿನ ಚಿಪ್ಪಿನ ಮಣ್ಣು ತುಕ್ಕಿನ ಬಣ್ಣಕ್ಕೆ ತಿರುಗಿತು.

"ನೋಡಿದ್ಯಾ! ಒಳಗೆ ಏನೋ ನಡೀತಿದೆ!" ಕಾಂಪೌಂಡರು ಕುಣಿದಾಡಿದರು.

ಟೀಚರು ಚಮಚ ತಂದು ಒಂದು ಚಿಪ್ಪನ್ನು ಕೆದಕಿದರು. ಅರ್ಧ ಕರಗಿದ ಗುಳಿಗೆಯೊಂದು ಹೊರಬಂತು. ಅದರ ಹೊಟ್ಟೆಯ ಮೇಲೆ ಔಷಧಿ ಕಂಪನಿಯ ಸಾಸಿವೆಯಷ್ಟು ಸಣ್ಣ ಮುದ್ರೆ ಇನ್ನೂ ಉಳಿದಿತ್ತು.

"ರೀ, ಟೊಮ್ಯಾಟೊ ಬೀಜಕ್ಕೆ ಕಂಪನಿಯವರು ಮುದ್ರೆ ಒತ್ತುತ್ತಾರಾ?"

ಕಾಂಪೌಂಡರು ಚಮಚ ನೋಡಿದರು, ಹೆಂಡತಿಯನ್ನು ನೋಡಿದರು. ಅವರ ಮುಖದ ಬಣ್ಣ ಮೆಲ್ಲಗೆ ಮೊಟ್ಟೆಚಿಪ್ಪಿನ ಬಣ್ಣಕ್ಕಿಳಿಯಿತು. ಗುಳಿಗೆ ಇಲ್ಲಿದ್ದರೆ ಬೀಜ ಎಲ್ಲಿದೆ? ಹನ್ನೆರಡು ದಿನ, ಎರಡೆರಡು ಹೊತ್ತು, ತಮ್ಮ ಕೈಯಾರೆ...

"ಅಮ್ಮಾ!"

ಇಬ್ಬರೂ ಕೋಣೆಗೆ ನುಗ್ಗಿದಾಗ ಅಮ್ಮ ಹಾಸಿಗೆಯ ಮೇಲೆ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಕಾಂಪೌಂಡರು ನಾಡಿ ಹಿಡಿದರು. ನಾಲಿಗೆ ಚಾಚಿಸಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು.

"ಹೊಟ್ಟೆನೋವು ಇದೆಯೇನಮ್ಮಾ? ಭಾರ? ಒಳಗೆ ಏನಾದ್ರೂ... ಅಲುಗಾಡಿದ ಹಾಗೆ?"

"ನನಗೇನಾಗಿದೆ, ಕಲ್ಲುಗುಂಡಿನ ಹಾಗಿದ್ದೀನಿ. ನಿನ್ನ ಮುಖಕ್ಕೇನಾಯ್ತು?"

"ತಪ್ಪಾಯ್ತಮ್ಮಾ." ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ಆ ಬಾಯಿಂದ ಆ ಮಾತು ಬಂತು. ಅವರು ನೆಲದ ಮೇಲೆಯೇ ಕುಸಿದು ಕೂತರು. "ನಿನಗೆ ಇಷ್ಟು ದಿನ ನಾನು ಮಣ್ಣು ತಿನ್ನಿಸಿದೆ. ಆಸ್ಪತ್ರೆಗೆ ಹೋಗೋಣ, ಏಳು."

ಆಸ್ಪತ್ರೆ ಎಂದೊಡನೆ ಅಮ್ಮನ ಕಣ್ಣು ಕಿಟಕಿಯ ಪರದೆಯ ಕಡೆಗೆ ಓಡಿ ಮರಳಿತು. ಲೆಕ್ಕದ ಟೀಚರು. ಮಕ್ಕಳ ಕಣ್ಣು ಪಕ್ಕದವರ ಹಾಳೆಗೆ ಓಡುವುದನ್ನು ಇಪ್ಪತ್ತು ವರ್ಷ ಕಂಡವರು. ಸೀದಾ ಹೋಗಿ ಪರದೆ ಸರಿಸಿದರು.

ಪರದೆಯ ಹಿಂದೆ ಒಂದು ಕುಂಡ. ಹೋದ ವರ್ಷ ಟೀಚರ ಗುಲಾಬಿ ಗಿಡ ಕಾರಣ ಹೇಳದೆ ಸತ್ತುಹೋದದ್ದು ಅದರಲ್ಲೇ. ಅದರ ತುಂಬ ಈಗ ಸಸಿಗಳು! ಗೇಣುದ್ದಕ್ಕೆ ಬೆಳೆಯಲು ಅವಸರ ಪಡುವ ಅಕ್ಕ, ಅವಳ ಮಗ್ಗುಲಲ್ಲಿ ತಂಗಿ, ಈಗಷ್ಟೇ ಬೀಜದ ಟೋಪಿ ಹೊತ್ತು ತಲೆಯೆತ್ತಿದ ಕಿರಿಯವಳು. ದಿನಕ್ಕೆರಡು ಮೆಟ್ಟಿಲಿನಂತೆ ಸಾಲಾಗಿ, ಎಲ್ಲವೂ ಬೆಳಕಿನ ಕಡೆಗೆ ಕತ್ತು ಚಾಚಿ ನಿಂತಿದ್ದವು.



"ಗುಳಿಗೆಯನ್ನ ಇದರೊಳಗೆ ಹಾಕಿ, ಕಾಣಬಾರದು ಅಂತ ಮೇಲೆ ಒಂಚೂರು ಮಣ್ಣು ಮುಚ್ಚುತ್ತಿದ್ದೆ," ಅಮ್ಮ ಸೂಜಿ ಕೆಳಗಿಟ್ಟು ಒಪ್ಪಿಕೊಂಡರು. "ಲೋಟದ ನೀರನ್ನೂ ಅಲ್ಲಿಗೇ ಸುರೀತಿದ್ದೆ. ಮೊನ್ನೆ ನೋಡ್ತೀನಿ, ಗುಳಿಗೆ ಮೊಳಕೆ ಒಡೆದಿದೆ! ಇಂಥದ್ದನ್ನ ಮನುಷ್ಯರ ಹೊಟ್ಟೆಗೆ ಹಾಕ್ತಾರಲ್ಲಪ್ಪಾ ಅಂತ ಎದೆ ಡವಗುಟ್ಟಿತು. ಸದ್ಯ, ನಾನು ನುಂಗಿರಲಿಲ್ಲ!"

"ಎಷ್ಟು ದಿನದಿಂದ ನುಂಗಿಲ್ಲ?" ಕಾಂಪೌಂಡರ ದನಿ ಕ್ಷೀಣವಾಗಿತ್ತು.

"ದಿನ ಎಲ್ಲಿ ಬಂತು? ಮೂರು ವರ್ಷ."

"ನನ್ನ ಗುಲಾಬಿ!" ಎಂದರು ಟೀಚರು.

"ನನ್ನ ಗುಳಿಗೆಯ ಬಲ!" ಎಂದರು ಕಾಂಪೌಂಡರು. "ಬೇಡ ಅಂತ ಒಂದು ಮಾತು ಹೇಳಬಾರದಿತ್ತೇನಮ್ಮಾ?"

"ಹೇಳ್ತಿದ್ದೆ." ಅಮ್ಮ ಉಣ್ಣೆಯ ಎಳೆಯನ್ನು ಬೆರಳಿಗೆ ಸುತ್ತಿಕೊಂಡರು. "ಆಮೇಲೆ ದಿನಕ್ಕೆರಡು ಸಲ ಬಂದು ಹತ್ತು ನಿಮಿಷ ಇಲ್ಲಿ ಕೂರ್ತಿದ್ಯಾ ನೀನು?"

 ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕಾಂಪೌಂಡರು ಕೇಳಿದ್ದರು. ಮದ್ದೇ ಗಿಡವಾಗಿ ನಿಂತು ತಮ್ಮ ಮಾನ ಕಳೆಯುವುದನ್ನು ಈಗ ಕಂಡರು. ತೆಪ್ಪಗೆ ಬಿಳಿ ಡಬ್ಬಿಯನ್ನು ಹೆಂಡತಿಯ ಮುಂದೆ ಚಾಚಿದರು.

ಟೀಚರು ಸಸಿಗಳನ್ನು ಎಣಿಸಿ ಮುಗಿಸಿ, ಡಬ್ಬಿಯನ್ನು ಹಿಂದಕ್ಕೆ ತಳ್ಳಿದರು. "ಈ ಮನೆಯೊಳಗೆ ಮೊಳಕೆ ಬರಬೇಕು ಅಂತ ತಾನೇ ಹೇಳಿದ್ದು? ಹನ್ನೆರಡೇ ದಿನಕ್ಕೆ ಹನ್ನೆರಡು ಬಂದಿವೆ. ಪಂದ್ಯ ನಿಮ್ಮದೇ. ದಿನಾ ನೀವೇ ಬಂದು ಕೂತ್ಕೊಳ್ಳಿ."

ಅಮ್ಮನ ಮುಖ ಅರಳಿತು. ಮಗನ ತಲೆ ನೇವರಿಸಿ, ಮೆಲ್ಲಗೆ ಕಿವಿಯ ಹತ್ತಿರ ಬಾಗಿದರು.

"ಟೊಮ್ಯಾಟೊ ಇಷ್ಟು ಸಾಕು ಮಗಾ. ನಾಳೆಯಿಂದ ಸೌತೆಕಾಯಿ ಗುಳಿಗೆ ಕೊಡು."