ಸರಪಳಿಯ ಮೊದಲ ಕೊಂಡಿ

ಫೋನಿನಲ್ಲಿ "ಯಾರು ಮಾತಾಡೋದು?" ಎಂದು ಕೇಳುವುದೆಂದರೆ ಬರ್ನೀಸ್‌ಗೆ ಅವಮಾನ. ಮಿನೆಸೋಟಾದ ಆ ಪುಟ್ಟ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತಿದ್ದ ಕಾಲದಲ್ಲಿ, ಬರೀ "ಹಲೋ" ಕೇಳಿಯೇ ಅದು ಯಾರು, ಅವರಿಗೆ ಯಾರ ಮೇಲೆ ಮುನಿಸು ಎಂದು ಹೇಳಬಲ್ಲವಳಾಗಿದ್ದಳು. ಊರಿನವರೂ ಅವಳಿಗೆ ಹೆಸರು ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಎಂಬತ್ತು ದಾಟಿದ ಮೇಲೆ ಮಾತೇನೋ ಕೇಳಿಸುತ್ತಿತ್ತು, ದನಿಗಳು ಮಾತ್ರ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದಂತಿದ್ದವು.

ಇದು ಹೊರಬಿದ್ದರೆ ಚರ್ಚಿನ ಪ್ರಾರ್ಥನಾ ಸರಪಳಿ ಕೈತಪ್ಪುತ್ತಿತ್ತು. ಕಷ್ಟದಲ್ಲಿರುವವರು ಮೊದಲು ಅವಳಿಗೆ ಫೋನ್ ಮಾಡಬೇಕು, ಅವಳು ಡೊರೀನ್‌ಗೆ, ಡೊರೀನ್ ಮತ್ತೊಬ್ಬರಿಗೆ, ಹೀಗೆ ಊರೆಲ್ಲ ಅವರಿಗಾಗಿ ಪ್ರಾರ್ಥಿಸಬೇಕು. ಅವಳ ಒಂಟಿ ಮನೆಗೆ ನಾಲ್ಕು ದನಿ ಬರುತ್ತಿದ್ದುದೇ ಅದರಿಂದ.

ಅವತ್ತು ಬೆಳಿಗ್ಗೆ ಒಂದು ಗಂಡು ದನಿ, "ನಾಳೆ ಆಪರೇಷನ್ನು. ನನಗೋಸ್ಕರ ಪ್ರಾರ್ಥನೆ ಮಾಡು" ಎಂದು ಫೋನಿಟ್ಟಿತು. ಆರ್ವಿಡ್ ಇರಬೇಕು, ಡೈರಿಯವನು. ಧೈರ್ಯ ಮಾಡಿ ಡೊರೀನ್‌ಗೆ ಹೇಳಿಯೇಬಿಟ್ಟಳು.

ಮಧ್ಯಾಹ್ನದೊಳಗೆ ಆರ್ವಿಡ್‌ನ ಮೆಟ್ಟಿಲ ತುಂಬ ಊರವರು ಬೇಯಿಸಿ ತಂದಿಟ್ಟ ಹಾಟ್‌ಡಿಶ್ ಊಟದ ಪಾತ್ರೆಗಳು. ಪಾದ್ರಿಯೂ ಬಂದರು. "ನಂಗೇನ್ ಧಾಡಿ? ಗುಂಡುಕಲ್ಲಿನ ಹಾಗಿದೀನಿ!" ಎಂದು ಆರ್ವಿಡ್ ದಢಾರನೆ ಬಾಗಿಲು ಹಾಕಿಕೊಂಡ.

ಡೊರೀನ್ ದಡದಡ ಓಡಿಬಂದಳು. "ಅಲ್ಲ ಬರ್ನೀಸಕ್ಕ, ನೆಟ್ಟಗಿರೋನನ್ನ ಮಲಗಿಸಿಬಿಟ್ಟೆಯಲ್ಲ! ನಿಜವಾದ ರೋಗಿ ಯಾರು?"

ಹಾಗಾದರೆ ಚರ್ಚಿಗೆ ಬರುವ ಲೈಲ್ ಇರಬೇಕೆಂದು ಬರ್ನೀಸ್ ಅವನ ಮನೆಗೆ ಫೋನ್ ಹಚ್ಚಿದಳು. "ಆಪರೇಷನ್ ನಿಂಗೇನೋ?"

"ನಾನು ಲೈಲ್ ಹೆಂಡ್ತಿ ಕಣಮ್ಮ!"

ಅಲ್ಲಿಗೆ ಮಾನ ಹೋಯಿತು. "ನೀವು ಸ್ವಲ್ಪ ವಿಶ್ರಾಂತಿ ತಗೊಳ್ಳಿ" ಎಂದ ಪಾದ್ರಿ, ಸರಪಳಿಯನ್ನು ಡೊರೀನ್‌ಗೆ ವಹಿಸಿದರು. ಎಕ್ಸ್‌ಚೇಂಜಿನ ಕಾಲದಲ್ಲಿ, ಹಿಮ ಬಿದ್ದು ದಾರಿ ಮುಚ್ಚಿದ ದಿನಗಳಲ್ಲಿ ಹೆಡ್‌ಫೋನಿನೊಳಗೆ ನಗುತ್ತಿದ್ದ, ಜಗಳವಾಡುತ್ತಿದ್ದ ಆ ದನಿಗಳನ್ನು ಒಂದೊಂದಾಗಿ ನೆನೆದು ಬರ್ನೀಸ್ ಅತ್ತಳು.

ಸಂಜೆ ಹಿತ್ತಿಲ ಬಾಗಿಲಲ್ಲಿ ಆರ್ವಿಡ್ ನಿಂತಿದ್ದ. "ಫೋನ್ ಮಾಡಿದ್ದು ನಾನೇ ಕಣೆ. ಮೂಲವ್ಯಾಧಿ. ಊರ ಮುಂದೆ ಹೇಗೆ ಹೇಳ್ಲಿ?"

"ಅಯ್ಯೋ ಪಾಪಿ! ಹಾಗಾದ್ರೆ ನಿನ್ನ ದನಿ ನಾನು ಸರಿಯಾಗೇ ಹಿಡಿದಿದ್ದೆ!" ಬರ್ನೀಸ್‌ಗೆ ಹುಡುಗಿಯಂತೆ ಕುಣಿಯಬೇಕೆನಿಸಿತು.

"ಹಿಡಿದೆ, ಸರಿ. ನಿನ್ನೊಬ್ಬಳಿಗೆ ಹೇಳಿದ್ದನ್ನ ಊರಿಗೆಲ್ಲ ಯಾಕೆ ಸಾರಿದೆ? ಎಕ್ಸ್‌ಚೇಂಜಲ್ಲಿದ್ದಾಗೆಲ್ಲ ನಮ್ಮ ಮಾತು ನಿನ್ನ ಹೊಟ್ಟೇಲೇ ಇರ್ತಿತ್ತು."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. "ಅಕ್ಕಾ" ಎಂದದ್ದರಿಂದ ಡೊರೀನಳೇ ಇರಬೇಕು. "ಯಾರು ಅಂತ ಗೊತ್ತಾಯ್ತಾ? ಗೊತ್ತಾದ್ರೆ ಹೇಳು, ಪಾದ್ರಿಗಳ ಹತ್ರ ಮಾತಾಡಿ ಸರಪಳಿ ನಿನಗೇ ಕೊಡಿಸ್ತೀನಿ."

ಆರ್ವಿಡ್ ಬಾಯಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ ಬೇಡಿಕೊಂಡ. ಬರ್ನೀಸ್ ಅವನನ್ನು ನೋಡಿದಳು, ಫೋನನ್ನು ನೋಡಿದಳು.

"ಇಲ್ಲ ಕಣಮ್ಮ" ಎಂದಳು. "ನಂಗೀಗ ಯಾರ ದನೀನೂ ಗುರುತು ಸಿಗಲ್ಲ."