ಶೇಂಗಾ ಜೊತೆ ಹುರಿದುಹೋದ ಹೊಳೆ

ಭೂವಿಜ್ಞಾನದಲ್ಲಿ ಎಮ್ಮೆಸ್ಸಿ ಓದುತ್ತಿದ್ದ ನನಗೆ, ಅಪ್ಪನ ಮಾತನ್ನು ಸಾಬೀತು ಮಾಡುವುದು ಒಂದು ಮಧ್ಯಾಹ್ನದ ಕೆಲಸವೆನಿಸಿತ್ತು. "ನಮ್ಮ ಎರಿ ಹೊಲದಾಗ ಒಂದ ಕಾಲಕ್ಕ ಹೊಳಿ ಹರೀತಿತ್ತು" ಎಂದು ಅಪ್ಪ ಜೀವನವಿಡೀ ಹೇಳಿದ. ನಮ್ಮೂರು ಶಲವಡಿ ಜೀವನವಿಡೀ ನಕ್ಕಿತು. ಪಕ್ಕದ ಮನೆಯ ಬಸಣ್ಣ ಕಾಕಾ ಅಂತೂ, "ಹೊಳಿ ಸಾವ್ಕಾರ್ರ, ದೋಣಿ ಎಲ್ಲಿ ಕಟ್ಟೀರಿ?" ಎನ್ನುತ್ತಿದ್ದ.

ಆ ವರ್ಷ ಅಪ್ಪ ಹಾಸಿಗೆ ಹಿಡಿದ. ಅದೇ ಹೊತ್ತಿಗೆ ಆ ಎರಿ ಹೊಲದಲ್ಲಿ ತೋಡಿದ ಬಾವಿಯಲ್ಲಿ ಕರಿಮಣ್ಣಿನ ಕೆಳಗೆ ಹೊಳೆಯ ಮರಳಿನಂಥ ಉಸುಕು ಕಂಡಿತು!

"ಉಸುಕು ಕಂಡ್ರ ಹೊಳಿ ಆತೇನ? ಗಾಳಿ ತಂದಿರಬೇಕು" ಎಂದ ಕಾಕಾ.

ನಾನು ಗಂಭೀರವಾಗಿ ಘೋಷಿಸಿದೆ: "ಗಾಳಿ ತಂದಿದ್ರ ಕಾಳು ಎಲ್ಲಾ ಒಂದ ಅಳತಿ ಇರ್ತಾವ. ಹೊಳೀದಾದ್ರ ತಳಕ್ಕ ದಪ್ಪ, ಮ್ಯಾಲೆ ಬಂದ್ಹಂಗ ಸಣ್ಣ. ಜರಡಿ ಹಿಡದು ಹೇಳ್ತೀನಿ, ಕಾಕಾ!"

ಅಪ್ಪ ನನ್ನ ಕೈ ಹಿಡಿದ. "ಲಗೂನ ಹೇಳವ್ವಾ."

ಬಾವಿಗೆ ಕಲ್ಲು ಕಟ್ಟುವ ಮೊದಲೇ ಇಳಿದು ಪ್ರತಿ ಪದರದ ಉಸುಕು ತಂದೆ. ತೊಳೆದು, ಅಂಗಳದಲ್ಲಿ ಬೇರೆ ಬೇರೆ ಗುಡ್ಡೆ ಹಾಕಿ ಒಣಗಿಸಿದೆ. ಕಾಲೇಜಿನ ಹಿತ್ತಾಳೆ ಜರಡಿಗಳನ್ನು ಪಕ್ಕದಲ್ಲಿಟ್ಟು, ತೂಗಲು ಅಕ್ಕಸಾಲಿಗನ ತಕ್ಕಡಿ ತರಲೆಂದು ಅಣ್ಣಿಗೇರಿಗೆ ಹೋದೆ. ವಿಜ್ಞಾನಕ್ಕೆ ಯಾವ ಕೊರತೆಯೂ ಆಗಬಾರದಲ್ಲ!

ಮರಳಿ ಬಂದಾಗ ಮನೆ ತುಂಬ ಘಮ. ನನ್ನ ಗುಡ್ಡೆಗಳೆಲ್ಲ ಒಂದೇ ಬಾಣಲೆಯಲ್ಲಿದ್ದವು. ಅವ್ವ ಅದರಲ್ಲಿ ಶೇಂಗಾ ಹುರಿಯುತ್ತಿದ್ದಳು.

"ಅವ್ವಾ, ಇದೇನ ಮಾಡಿದಿ!"

"ನಿಮ್ಮಪ್ಪ ಬಾಯಾಗ ತುತ್ತ ಇಡವಲ್ರು. ಇವತ್ತ ತಾವಾಗೇ ಶೇಂಗಾ ಬೇಕಂದ್ರು. ಭಾಳ ಛಲೋ ಉಸುಕು ತಂದೀ ನೋಡು. ನಿನ್ನ ಜರಡೀಲೇನ ಸೋಸೇನಿ!"

ಮತ್ತೆ ಉಸುಕು ತರಲು ಬಾವಿಗೆ ಓಡಿದೆ. ಗೌಂಡಿಗಳು ಉಸುಕಿನ ಪದರವನ್ನೆಲ್ಲ ಕಲ್ಲಿನಿಂದ ಮುಚ್ಚಿ, ಕೈ ತೊಳೆಯುತ್ತಿದ್ದರು.

ಮನೆಯಲ್ಲಿ ಅಪ್ಪ ಶೇಂಗಾ ಸುಲಿಯುತ್ತ ಕೇಳಿದ: "ಏನಂತದ ಉಸುಕು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಜ ಹೇಳುವ ಧೈರ್ಯವೂ ಇರಲಿಲ್ಲ. "ಇನ್ನೂ ತೂಗಬೇಕಪ್ಪಾ" ಎಂದೆ.

"ಆಗ್ಲಿ, ತೂಗು" ಎಂದವನೇ ಒಂದು ಕಾಳನ್ನು ಬೆಲ್ಲದ ಚೂರಿನೊಂದಿಗೆ ನನ್ನ ಬಾಯಿಗಿಟ್ಟ. ಹಲ್ಲಿಗೆ ಉಸುಕು ಕರಕರ ಸಿಕ್ಕಿತು. ಅಪ್ಪ ನಗುತ್ತಿದ್ದ, ನನಗೆ ಅಳು ಬಂತು.

ಅಪ್ಪ ಉತ್ತರಕ್ಕೆ ಕಾಯುತ್ತಲೇ ಹೋಗಿಬಿಟ್ಟ. ಮಣ್ಣು ಮಾಡಿ ಬಂದ ಬಸಣ್ಣ ಕಾಕಾ ಕಣ್ಣೊರೆಸಿಕೊಳ್ಳುತ್ತ ನನ್ನ ಬಳಿ ಕುಳಿತ. "ಖರೇನ ಹೊಳಿ ಇತ್ತೇನವಾ? ಇತ್ತು ಅಂದ್ಬಿಡು. ನಾ ನಂಬ್ತೀನಿ."

ನಾನು ಬಿಕ್ಕಿ ಬಿಕ್ಕಿ ಅತ್ತೆ. ಇತ್ತು ಎನ್ನಲು ಪುರಾವೆ ಬೇಕಲ್ಲ! ಪುರಾವೆಯನ್ನು ಬೆಲ್ಲ ಹಚ್ಚಿಕೊಂಡು ತಿಂದ ಭೂವಿಜ್ಞಾನಿ ಈ ಭೂಮಿಯ ಮೇಲೆ ನಾನೊಬ್ಬಳೇ.